ಎಳೆದರೆ ಬಿಚ್ಚುವ ಗಂಟು: ಡಿಎನ್‌ಎ ಕೆಲಸಕ್ಕೆ ಹೊರಟ ಮೊಮ್ಮಗಳಿಗೆ ಕಿವಿಮಾತು

ಕೂಸೆ,

ಬೆಂಗಳೂರಿನ ಲ್ಯಾಬಿನಲ್ಲಿ ನಿನಗೆ ಜಾಗ ಸಿಕ್ಕಿದ ಸುದ್ದಿಯನ್ನು ನಿನ್ನ ಅಜ್ಜ ಫೋನಿನಲ್ಲಿ ಹೇಳಿದಾಗ ನಾನು ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. "ಡಿಎನ್‌ಎಯಿಂದ ಎಂತದೋ ಪೆಟ್ಟಿಗೆ ಮಾಡ್ತಡ, ಯಾವುದೋ ರಾಸಾಯನಿಕ ತಾಗಿದ್ರೆ ಒಡೆದು ಹೋಗ್ತಡ" ಎಂದ. ನನ್ನ ತಮ್ಮ ಹೇಳಿದ್ದು ಸರಿಯಾಗಿಯೇ ಇದೆ. ನಿನ್ನ ಮುಂದಿನ ಐದು ವರ್ಷದ ಕೆಲಸ ಅಷ್ಟೇ.

ಮೂವತ್ತು ವರ್ಷ ನಾನೂ ಇದೇ ಎಳೆಗಳ ಜತೆ ಕೂತವಳು. ಊರಿಗೆ ಮರಳಿದ ಮೇಲೂ ಈ ಕೆಲಸದ ಬಗ್ಗೆ ಓದುವುದನ್ನು ಬಿಟ್ಟಿಲ್ಲ. ಎದುರು ಕೂತು ಹೇಳಿದರೆ ಅರ್ಧ ಮರೆಯುತ್ತೀಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ನಿನ್ನ ಹಾಗೆ ಹೊರಡುವ ಬೇರೆ ಮಕ್ಕಳಿಗೂ ಆಗಲಿ ಎಂದು ಬರೆದೇ ಕೊಡುತ್ತಿದ್ದೇನೆ. ನನಗೆ ತೋಚಿದ ಕ್ರಮದಲ್ಲಿದೆ, ನಿನಗೆ ಬೇಕಾದ ಕ್ರಮದಲ್ಲಿ ಓದಿಕೋ.

• ಎಲ್ಲಕ್ಕೂ ಮೊದಲು ಕೊಟ್ಟಿಗೆಗೆ ಹೋಗಿ ಕರುವಿನ ಕಣ್ಣಿಯ ಗಂಟು ನೋಡು. ನಿನ್ನ ಅಜ್ಜ ಹಾಕಿದ ಗಂಟನ್ನು ಕರು ಎಷ್ಟು ಜಗ್ಗಿದರೂ ಬಿಚ್ಚಲಾರದು. ಕಣ್ಣಿ ಸುತ್ತಿಕೊಂಡು ಕುತ್ತಿಗೆ ಬಿಗಿಯತೊಡಗಿತೋ, ಅಜ್ಜ ಜೋಲುಬಿಟ್ಟ ತುದಿಯನ್ನು ಒಮ್ಮೆ ಎಳೆಯುತ್ತಾನೆ, ಗಂಟು ಕಳಚಿ ಬೀಳುತ್ತದೆ. ಕಟ್ಟಲು ಬಾರದವರು ಹಾಕುವ ಗಂಟುಗಳಲ್ಲಿ ಎರಡು ಬಗೆ. ಒಂದು, ಕರುವೇ ಜಗ್ಗಿ ಬಿಚ್ಚಿಕೊಳ್ಳುವಂಥದ್ದು. ಇನ್ನೊಂದು, ಕತ್ತಿಯಿಂದ ಕೊಯ್ದೇ ಬಿಡಿಸಬೇಕಾದ ಕಗ್ಗಂಟು. ನೀನು ಮಾಡಹೊರಟದ್ದು ಅಜ್ಜನ ಗಂಟು. ಅಲ್ಲಿ ಕರು ಎಂದರೆ ಬಿಸಿ, ಉಪ್ಪಿನ ಏರಿಳಿತ, ರಕ್ತದಲ್ಲಿರುವ ಕಿಣ್ವಗಳು. ಅಜ್ಜನ ಕೈ ಎಂದರೆ ನೀನು ಆರಿಸಿಕೊಂಡ ರಾಸಾಯನಿಕ. ಈ ಕ್ಷೇತ್ರದಲ್ಲಿ ಕಟ್ಟಿದ್ದರ ಚಿತ್ರಗಳಿಗೆ ಹೆಸರು ಬರುತ್ತದೆ, ಒಡೆದದ್ದರ ಗ್ರಾಫ್‌ಗಳಿಗೆ ಪ್ರಬಂಧ ಆಗುತ್ತದೆ. ಒಡೆಯಬಾರದ ಹೊತ್ತಿನಲ್ಲಿ ಒಡೆಯದೆ ನಿಂತದ್ದನ್ನು ಯಾರೂ ಹೊಗಳುವುದಿಲ್ಲ. ಆದರೂ ಕೆಲಸದ ಮುಕ್ಕಾಲು ಪಾಲು ಇರುವುದು ಅಲ್ಲೇ.

• ಡಿಎನ್‌ಎ ಎಂದ ಕೂಡಲೇ ಜೀನು, ವಂಶ, ಅಪ್ಪ-ಅಮ್ಮ ಎಂದು ಯೋಚಿಸುವುದನ್ನು ಸ್ವಲ್ಪ ದಿನ ಬಿಡು. ನಿನಗೆ ಅದು ಹಗ್ಗ. ಎರಡು ನ್ಯಾನೊಮೀಟರ್ ದಪ್ಪ, ಒಂದೊಂದು ಜೋಡಿಗೆ 0.34 ನ್ಯಾನೊಮೀಟರ್ ಉದ್ದ, ಸುಮಾರು ಹತ್ತೂವರೆ ಜೋಡಿಗೆ ಒಂದು ಸುತ್ತು. ಅಡೆನಿನ್ ಥೈಮಿನನ್ನು ಎರಡು ಹೈಡ್ರೊಜನ್ ಬಂಧದಲ್ಲಿ ಹಿಡಿಯುತ್ತದೆ, ಗ್ವಾನಿನ್ ಸೈಟೊಸಿನನ್ನು ಮೂರರಲ್ಲಿ. ಯಾವ ಎಳೆ ಯಾವುದನ್ನು ಹಿಡಿಯಬೇಕು ಎಂಬುದನ್ನು ಅಕ್ಷರಗಳಲ್ಲೇ ಬರೆದಿಡಬಹುದಾದ ಹಗ್ಗ ಬೇರೊಂದಿಲ್ಲ. ಇದನ್ನು ಕಟ್ಟಡದ ಸಾಮಾನಾಗಿ ಕಂಡವರು ನೇಡ್ರಿಯನ್ ಸೀಮನ್. ಎಳೆಗಳನ್ನು ಕವಲೊಡೆಸಿ ಜಾಲ ನೇಯಬಹುದು ಎಂದು ಅವರು ಬರೆದದ್ದು 1982ರಲ್ಲಿ. ಪಾಲ್ ರೋಥ್‌ಮಂಡ್ 2006ರಲ್ಲಿ ಒಂದು ವೈರಸ್ಸಿನ ಉದ್ದನೆಯ ಎಳೆಯನ್ನು ಇನ್ನೂರಕ್ಕೂ ಹೆಚ್ಚು ಚಿಕ್ಕ ಎಳೆಗಳಿಂದ ಮಡಚಿ ನಗುಮುಖ ಮಾಡಿ ತೋರಿಸಿದರು. ಇಬ್ಬರ ಪ್ರಬಂಧಗಳನ್ನೂ ಮೂಲದಲ್ಲೇ ಓದು, ಸಾರಾಂಶ ಓದಿ ಮುಗಿಸಬೇಡ.

• ಇನ್ನು ನಮ್ಮ ರಾಜ್ಯದಲ್ಲೇ ನಡೆದ ಕೆಲಸ. ಇದನ್ನು ನೀನು ಬೆಂಗಳೂರು ಬಸ್ಸು ಹತ್ತುವ ಮೊದಲೇ ಓದಿರಬೇಕು. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅದೇ ಎನ್‌ಸಿಬಿಎಸ್‌ನಲ್ಲಿ, ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಎರಡು ಕೆಲಸ ಪ್ರಕಟಿಸಿತು. ಮೊದಲನೆಯದು ಐ-ಸ್ವಿಚ್. ಸೈಟೊಸಿನ್ ತುಂಬಿದ ಎಳೆ ಹುಳಿ ವಾತಾವರಣದಲ್ಲಿ ತನ್ನಷ್ಟಕ್ಕೆ ಮಡಚಿಕೊಂಡು ನಾಲ್ಕು ಎಳೆಯ ಗಂಟಾಗುತ್ತದೆ. ಹುಳಿ ಹೋದರೆ ಬಿಡಿಸಿಕೊಳ್ಳುತ್ತದೆ. ಆ ಗುಣ ಹಿಡಿದು ಜೀವಂತ ಕೋಶದೊಳಗಿನ ಹುಳಿಯನ್ನು ಅಳೆದರು. ಎರಡನೆಯದು ಇಪ್ಪತ್ತು ಮುಖದ ಡಿಎನ್‌ಎ ಪೆಟ್ಟಿಗೆ, ಇಕೊಸಾಹೆಡ್ರನ್. ಎರಡು ಅರ್ಧಗಳನ್ನು ಬೇರೆ ಬೇರೆ ಕಟ್ಟಿ, ಒಳಗೆ ಚಿನ್ನದ ನ್ಯಾನೊಕಣ ಇಟ್ಟು ಮುಚ್ಚಿದರು. ನಿನಗೆ ನೇರವಾಗಿ ಸಂಬಂಧಪಟ್ಟದ್ದು ಮೂರನೆಯದು. ಅದೇ ಇಪ್ಪತ್ತು ಮುಖದ ಪೆಟ್ಟಿಗೆಯ ಅಂಚುಗಳಲ್ಲಿ ಆಪ್ಟಮರ್ ಬೀಗ (ಒಂದು ನಿರ್ದಿಷ್ಟ ಅಣುವನ್ನು ಹಿಡಿಯುವ ಎಳೆಯ ಬೀಗ) ಹಾಕಿ, ಸೈಕ್ಲಿಕ್ ಡೈ-ಜಿಎಂಪಿ ಎಂಬ ಚಿಕ್ಕ ಅಣು ಬಂದರೆ ಮಾತ್ರ ಪೆಟ್ಟಿಗೆ ತೆರೆದು ಒಳಗಿನದನ್ನು ಬಿಡುವ ಹಾಗೆ ಮಾಡಿದರು. ಅದು 2013ರಲ್ಲಿ ಅಂಗೆವಾಂಟೆ ಕೆಮಿ ಪತ್ರಿಕೆಯಲ್ಲಿ ಬಂತು. ಸೈಕ್ಲಿಕ್ ಡೈ-ಜಿಎಂಪಿ ಬ್ಯಾಕ್ಟೀರಿಯಾಗಳು ತಮ್ಮೊಳಗೆ ಸುದ್ದಿ ಸಾಗಿಸಲು ಬಳಸುವ ಅಣು. ಆ ವರ್ಷವೇ ಯಮುನಾ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು, ಮರುವರ್ಷ ಅವರು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ಈ ಕೆಲಸ ಹುಟ್ಟಿದ ಊರು ಬೆಂಗಳೂರು ಎಂಬುದನ್ನು ಮಾತ್ರ ಮರೆಯಬೇಡ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಬಲ್ ಮೈತಿ ಡಿಎನ್‌ಎ ರಚನೆಗಳು ಹೇಗೆ ಅಲುಗಾಡುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಟಿ. ಗೋವಿಂದರಾಜು ಡಿಎನ್‌ಎ ಜತೆ ಬೇರೆ ಅಣುಗಳನ್ನು ಹೆಣೆಯುತ್ತಾರೆ. ಈ ಇಬ್ಬರ ಉಪನ್ಯಾಸ ಎಲ್ಲಾದರೂ ಇದ್ದರೆ ಬಸ್ಸು ಹಿಡಿದು ಹೋಗು, ಹಿಂದಿನ ಬೆಂಚಿನಲ್ಲಾದರೂ ಕೂರು.

• ಆ 2013ರ ಪ್ರಬಂಧ ಓದುವಾಗ ಒಂದು ಪ್ರಶ್ನೆ ಕೈಯಲ್ಲಿರಲಿ: ಇವರು ಆ ಅಣುವನ್ನೇ ಯಾಕೆ ಆರಿಸಿದರು? ಪ್ರಾಣಿಕೋಶದಲ್ಲಿ ಅದು ತಾನಾಗಿ ಹುಟ್ಟುವುದಿಲ್ಲ. ಹಾಗಾಗಿ ನಾವು ಕೊಟ್ಟಾಗ ಮಾತ್ರ ಬೀಗ ತೆರೆಯುತ್ತದೆ. ಕೀಲಿಕೈ ಊರೆಲ್ಲ ಬಿದ್ದಿದ್ದರೆ ಬೀಗ ಹಾಕಿ ಏನು ಪ್ರಯೋಜನ?

• ಕೀಲಿಕೈ ಆರಿಸುವ ಪಾಠ ನಿನ್ನ ದೊಡ್ಡಮ್ಮನ ಎಲೆಬಟ್ಟಲಿನಲ್ಲಿದೆ. ಎಲೆ ಇದೆ, ಅಡಿಕೆ ಇದೆ, ಎರಡನ್ನೂ ಅಗಿದರೆ ಆ ಕಡುಕೆಂಪು ಬರುವುದಿಲ್ಲ. ಸುಣ್ಣ ತಾಗಬೇಕು. ಕ್ಷಾರ ಸಿಕ್ಕಿದ ಕೂಡಲೇ ಅಡಿಕೆಯೊಳಗಿನ ಚೊಗರಿನ ಅಂಶ ಬಣ್ಣ ತಿರುಗುತ್ತದೆ. (ಕವಳ ಹಾಕು ಎನ್ನುತ್ತಿಲ್ಲ, ಹಾಕುವವರನ್ನು ನೋಡು ಎನ್ನುತ್ತಿದ್ದೇನೆ.) ಎಲ್ಲ ಸಾಮಗ್ರಿ ಒಟ್ಟಿಗೆ ಇದ್ದೂ ಒಂದು ವಸ್ತುವಿಗಾಗಿ ಕಾಯುವುದು ಎಂದರೆ ಇದೇ. ಈಗ ನಿನ್ನ ಪೆಟ್ಟಿಗೆ ಹೋಗಿ ಸೇರುವ ಜಾಗದಲ್ಲಿ ಯಾವ ಸುಣ್ಣ ಇದೆ, ದಾರಿಯಲ್ಲಿ ಯಾವುದಿಲ್ಲ ಎಂದು ಪಟ್ಟಿ ಮಾಡು. ರಕ್ತದ ಪಿಎಚ್ 7.4. ಕೋಶದೊಳಗಿನ ಲೈಸೊಸೋಮಿನಲ್ಲಿ 4.5ರಿಂದ 5. ಕ್ಯಾನ್ಸರ್ ಗಡ್ಡೆಯ ಸುತ್ತ ಸ್ವಲ್ಪವೇ ಹುಳಿ, ಹೆಚ್ಚಾಗಿ 6.5ರಿಂದ 7ರ ನಡುವೆ. 5ರಲ್ಲಿ ತೆರೆಯುವ ಬೀಗ ಗಡ್ಡೆಯ ಪಕ್ಕ ತೆರೆಯುವುದೇ ಇಲ್ಲ, 7.2ರಲ್ಲಿ ತೆರೆಯುವುದು ದಾರಿಯಲ್ಲೇ ಸೋರುತ್ತದೆ. ಗ್ಲುಟಾಥಯೋನ್ ಕೋಶದ ಒಳಗೆ ಮಿಲಿಮೋಲಾರ್ ಲೆಕ್ಕದಲ್ಲಿದೆ, ರಕ್ತದ್ರವದಲ್ಲಿ ಕೆಲವೇ ಮೈಕ್ರೊಮೋಲಾರ್. ಡೈಸಲ್ಫೈಡ್ ಕೊಂಡಿ ಹಾಕಿದರೆ ಹೊರಗೆ ನಿಂತು ಒಳಗೆ ಕತ್ತರಿಸಿಹೋಗುವುದು ಈ ಸಾವಿರ ಪಟ್ಟಿನ ವ್ಯತ್ಯಾಸದಿಂದ. ಎಟಿಪಿಯೂ ಹಾಗೆಯೇ, ಒಳಗೆ ಸಮೃದ್ಧ, ಹೊರಗೆ ಅತ್ಯಲ್ಪ. ಸಂಖ್ಯೆಯಿಲ್ಲದೆ "ಆಮ್ಲಕ್ಕೆ ಒಡೆಯುತ್ತದೆ" ಎಂದು ಬರೆದ ವಾಕ್ಯವನ್ನು ನಿನ್ನ ನೋಟ್‌ಬುಕ್ಕಿನಲ್ಲಿ ನಾನು ಕಾಣಬಾರದು.

• ಆಪ್ಟಮರನ್ನು ಕಣ್ಣು ಮುಚ್ಚಿ ನಂಬಬೇಡ. 1990ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇವನ್ನು ಆರಿಸುವ ವಿಧಾನ ಕಂಡುಕೊಂಡವು. ಕೋಟ್ಯಂತರ ಎಳೆಗಳ ರಾಶಿಯಿಂದ ಒಂದು ಅಣುವನ್ನು ಹಿಡಿಯುವ ಎಳೆಯನ್ನು ಸೋಸಿ ಸೋಸಿ ತೆಗೆಯುವುದು, ನಮ್ಮಲ್ಲಿ ಗೇರುವುದಿಲ್ಲವೇ, ಹಾಗೆ. ಎಟಿಪಿಯನ್ನು ಹಿಡಿಯುವ ಪ್ರಸಿದ್ಧ ಡಿಎನ್‌ಎ ಆಪ್ಟಮರ್ 1995ರಲ್ಲಿ ಹುಯಿಜೆಂಗಾ ಮತ್ತು ಶೋಸ್ಟಾಕ್ ತೆಗೆದದ್ದು. ಅದು ಎಟಿಪಿಯನ್ನು ಹಿಡಿಯುತ್ತದೆ, ಬರೀ ಅಡೆನೊಸಿನನ್ನೂ ಹಿಡಿಯುತ್ತದೆ. ಬಾಲದಲ್ಲಿರುವ ಫಾಸ್ಫೇಟುಗಳನ್ನು ಅದು ಎಣಿಸುವುದೇ ಇಲ್ಲ. ಅದನ್ನಿಟ್ಟು "ನನ್ನ ವಸ್ತು ಎಟಿಪಿಗೆ ಒಡೆಯುತ್ತದೆ" ಎಂದರೆ ಅರ್ಧಸತ್ಯ. ಯಾವ ಆಪ್ಟಮರ್ ತೆಗೆದುಕೊಂಡರೂ ಅದರ ಅಣ್ಣತಮ್ಮಂದಿರನ್ನೆಲ್ಲ ಒಮ್ಮೆ ಹಾಕಿ ನೋಡು.

• ಈಗ ನಿನ್ನ ಅಜ್ಜ ಜೋಲುಬಿಟ್ಟ ತುದಿಗೆ ಬರೋಣ. ಲ್ಯಾಬಿನಲ್ಲಿ ಅದಕ್ಕೆ ಟೋಹೋಲ್ಡ್ ಎನ್ನುತ್ತಾರೆ, ನಾನು ಬಿಡುತುದಿ ಎನ್ನುತ್ತೇನೆ. ಜೋಡಿ ಎಳೆಯಲ್ಲಿ ಒಂದರ ತುದಿಯನ್ನು ಕೆಲವು ಬೇಸ್‌ಗಳಷ್ಟು ಒಂಟಿಯಾಗಿ ಬಿಟ್ಟಿರುತ್ತೇವೆ. ಹೊಸ ಎಳೆ ಬಂದು ಅಲ್ಲಿ ಕೈಯಿಟ್ಟು, ಹಳೆಯ ಜೊತೆಗಾರನನ್ನು ಒಂದೊಂದೇ ಅಕ್ಷರವಾಗಿ ಸರಿಸಿ ಹೊರಹಾಕುತ್ತದೆ. 2000ದಲ್ಲಿ ಬರ್ನಾರ್ಡ್ ಯರ್ಕ್ ಮತ್ತು ಸಂಗಡಿಗರು ಈ ಉಪಾಯದಿಂದ ಡಿಎನ್‌ಎ ಚಿಮಟವನ್ನು ತೆರೆದು ಮುಚ್ಚಿದರು. ಬಿಡುತುದಿಯ ಉದ್ದ ಎಷ್ಟಿರಬೇಕು ಎಂಬುದನ್ನು 2009ರಲ್ಲಿ ಡೇವಿಡ್ ಜಾಂಗ್ ಮತ್ತು ಎರಿಕ್ ವಿನ್‌ಫ್ರೀ ಅಳೆದಿಟ್ಟಿದ್ದಾರೆ. ಬೇಸ್ ಒಂದೊಂದು ಹೆಚ್ಚಿದಂತೆ ವೇಗ ಹಲವು ಪಟ್ಟು ಏರುತ್ತಾ ಹೋಗಿ ಆರೇಳು ಬೇಸ್‌ಗಳಿಗೆ ನಿಂತುಬಿಡುತ್ತದೆ. ತೀರ ಚಿಕ್ಕದಕ್ಕೂ ಇದಕ್ಕೂ ಹತ್ತು ಲಕ್ಷ ಪಟ್ಟು ಅಂತರ. ಆದ್ದರಿಂದ ಹತ್ತು, ಹನ್ನೆರಡು ಎಂದು ಉದ್ದ ಬಿಡಬೇಡ. ವೇಗ ಹೆಚ್ಚುವುದಿಲ್ಲ, ದಾರಿಹೋಕ ಎಳೆಗಳು ಅಂಟಿಕೊಳ್ಳಲು ಜಾಗವಾಗುತ್ತದೆ, ಅಷ್ಟೆ. ಮೊದಲ ಸುತ್ತಿಗೆ 4, 5, 6, 7 ಎಂದು ನಾಲ್ಕನ್ನೂ ತರಿಸು. ಒಂದನ್ನೇ ತರಿಸಿ ಅದನ್ನೇ ಸರಿ ಎಂದು ಸಾಧಿಸುವುದರಲ್ಲಿ ವರ್ಷ ಕಳೆದವರನ್ನು ಕಂಡಿದ್ದೇನೆ.

• ಎಲ್ಲಿ ಒಡೆಯಬೇಕು ಎಂಬುದನ್ನು ಬೇರೆ ಕಾಗದದ ಮೇಲೆ ಬರೆ. ಮದುವೆ ಚಪ್ಪರ ಬಿಚ್ಚುವಾಗ ನಮ್ಮವರು ಎಲ್ಲ ಹಗ್ಗ ಕೊಯ್ಯುವುದಿಲ್ಲ. ನಾಲ್ಕು ಮೂಲೆಯ ಕಟ್ಟು ಬಿಚ್ಚಿದರೆ ಚಪ್ಪರ ಇಳಿಯುತ್ತದೆ, ದಬ್ಬೆಗಳು ಮುಂದಿನ ವರ್ಷಕ್ಕೂ ಸಿಗುತ್ತವೆ. ಇಪ್ಪತ್ತು ಮುಖದ ಪೆಟ್ಟಿಗೆಗೆ ಮೂವತ್ತು ಅಂಚು. ಮೂವತ್ತಕ್ಕೂ ಬೀಗ ಹಾಕಿದರೆ ಮೂವತ್ತು ಕಡೆ ಸೋರುವ ಸಾಧ್ಯತೆ. ಎರಡು ಅರ್ಧ ಸೇರುವ ನಡುಗೆರೆಯ ಮೇಲೆ ಮಾತ್ರ ಬೀಗವಿದ್ದರೆ ಸಾಕು.

• ಪೆಟ್ಟಿಗೆ ಬೇರೆ, ಜೆಲ್ ಬೇರೆ, ಎರಡರ ಒಡೆತವೂ ಬೇರೆ. ಪಾಲಿಅಕ್ರಿಲಮೈಡ್ ಎಳೆಗಳನ್ನು ಡಿಎನ್‌ಎ ಕೊಂಡಿಯಿಂದ ಹೆಣೆದರೆ ನೀರು ಹಿಡಿದ ಹೈಡ್ರೊಜೆಲ್ ಆಗುತ್ತದೆ. ಕಾರ್ನೆಲ್‌ನ ಡಾನ್ ಲುವೊ ತಂಡ 2006ರಲ್ಲಿ ಪೂರ್ತಿ ಡಿಎನ್‌ಎಯಿಂದಲೇ ಜೆಲ್ ಮಾಡಿತು. ವೇಯ್‌ಹಾಂಗ್ ತಾನ್ ತಂಡ 2008ರಲ್ಲಿ ಅಡೆನೊಸಿನ್ ಬಂದರೆ ಕರಗುವ ಜೆಲ್ ತೋರಿಸಿತು. ಜೆಲ್ಲಿನ ಗುಣ ಏನೆಂದರೆ, ಕೊಂಡಿಗಳು ಒಂದೊಂದಾಗಿ ಕಳಚುತ್ತಿದ್ದರೂ ಹೊರಗೆ ಏನೂ ಕಾಣುವುದಿಲ್ಲ, ಮುದ್ದೆಯಾಗಿಯೇ ನಿಂತಿರುತ್ತದೆ. ಒಂದು ಗೆರೆ ದಾಟಿದ್ದೇ ಒಮ್ಮೆಲೆ ಹರಿಯುತ್ತದೆ. ಮಳೆಗಾಲದಲ್ಲಿ ಧರೆ ಕುಸಿಯುವುದು ಹಾಗೆಯೇ. ಆದ್ದರಿಂದ ಅಗತ್ಯಕ್ಕಿಂತ ಹೆಚ್ಚು ಕೊಂಡಿ ಹಾಕಿ ಗಟ್ಟಿ ಮಾಡಿದರೆ ನಿನ್ನ ಟ್ರಿಗರ್ (ಬೀಗ ತೆರೆಯುವ ಆ ಕೀಲಿಕೈ) ಗಂಟೆಗಟ್ಟಲೆ ದುಡಿದರೂ ಕಣ್ಣಿಗೆ ಏನೂ ಕಾಣದು. ಆ ಗೆರೆಗಿಂತ ಸ್ವಲ್ಪವೇ ಮೇಲೆ ಕಟ್ಟುವುದನ್ನು ಕಲಿ.

• ಕೀಲಿಕೈಗಳ ಲೆಕ್ಕ ಹಾಕು. ಆಪ್ಟಮರ್ ಬೀಗಕ್ಕೆ ಒಂದು ಅಣು ಒಂದು ಬೀಗ ತೆರೆಯುತ್ತದೆ. ಹತ್ತು ಲಕ್ಷ ಬೀಗವಿದ್ದರೆ ಹತ್ತು ಲಕ್ಷ ಅಣುವಾದರೂ ಬೇಕು, ಹಿಡಿತ ದುರ್ಬಲವಾಗಿದ್ದರೆ ಅದಕ್ಕಿಂತ ಬಹಳ ಹೆಚ್ಚು. ಕಿಣ್ವದ ಲೆಕ್ಕ ಬೇರೆ, ಒಂದೇ ಕಿಣ್ವ ಸಾವಿರ ಕೊಂಡಿ ಕತ್ತರಿಸುತ್ತದೆ. 2019ರಲ್ಲಿ ಜೇಮ್ಸ್ ಕಾಲಿನ್ಸ್ ತಂಡ ಕ್ಯಾಸ್12ಎ ಕಿಣ್ವವನ್ನು ಜೆಲ್ಲಿಗೆ ತಂದದ್ದು ಇದಕ್ಕಾಗಿಯೇ. ತಾನು ಹುಡುಕುವ ಡಿಎನ್‌ಎ ಸಿಕ್ಕಿತೆಂದರೆ ಅದು ಅಕ್ಕಪಕ್ಕದ ಒಂಟಿ ಎಳೆಗಳನ್ನೆಲ್ಲ ಕತ್ತರಿಸತೊಡಗುತ್ತದೆ. ನಿನ್ನ ಸೂಚನೆಯ ಅಣು ಅತ್ಯಲ್ಪವಾಗಿ ಸಿಗುವಂಥದ್ದಾದರೆ ಈ ದಾರಿ, ಧಾರಾಳವಾಗಿ ಸಿಗುವುದಾದರೆ ಸರಳ ಬೀಗ.

• ಉಪ್ಪು. ಎರಡು ಎಳೆಗಳೂ ಋಣ ವಿದ್ಯುದಂಶದವು, ಹತ್ತಿರ ಬಂದರೆ ದೂಡಿಕೊಳ್ಳುತ್ತವೆ. ನಡುವೆ ಮೆಗ್ನೀಷಿಯಂ ನಿಂತು ಸಮಾಧಾನ ಮಾಡಿದರಷ್ಟೇ ಒಟ್ಟಿಗೆ ಇರುತ್ತವೆ. ಉಪ್ಪು ಕಡಿಮೆಯಾದ ಅಪ್ಪೆಮಿಡಿ ಭರಣಿಯಲ್ಲಿ ಮೆತ್ತಗಾದಂತೆ ಮೆಗ್ನೀಷಿಯಂ ಕಡಿಮೆಯಾದ ಒರಿಗಾಮಿಯೂ (ರೋಥ್‌ಮಂಡ್ ಮಡಚಿದಂಥ ರಚನೆ) ಸಡಿಲವಾಗುತ್ತದೆ. ಲ್ಯಾಬಿನಲ್ಲಿ 12.5 ಮಿಲಿಮೋಲಾರ್ ಮೆಗ್ನೀಷಿಯಂ ಹಾಕಿ ಕಟ್ಟುತ್ತಾರೆ, ರಕ್ತದಲ್ಲಿ ಒಂದು ಮಿಲಿಮೋಲಾರ್ ಕೂಡ ಇರುವುದಿಲ್ಲ. ಲ್ಯಾಬಿನ ಬಫರಿನಲ್ಲಿ ನಿಂತಿತು ಎಂದು ಬೀಗಬೇಡ.

ಇಲ್ಲಿ ನನ್ನದೊಂದು ತಪ್ಪು ಹೇಳುತ್ತೇನೆ. ಒಮ್ಮೆ ನನ್ನ ರಚನೆ ಟ್ರಿಗರ್ ಹಾಕಿದಾಗಲೆಲ್ಲ ಚೆನ್ನಾಗಿ ಒಡೆಯುತ್ತಿತ್ತು. ಆರು ವಾರ ಸಂತೋಷಪಟ್ಟೆ. ಆಮೇಲೆ ನೋಡಿದರೆ ಟ್ರಿಗರ್ ಎಳೆಯನ್ನು ಕರಗಿಸಿದ ದ್ರಾವಣದಲ್ಲಿ ಇಡಿಟಿಎ ಇತ್ತು. ಅದು ಮೆಗ್ನೀಷಿಯಂ ಅನ್ನು ಕಚ್ಚಿ ಎಳೆದುಕೊಳ್ಳುವ ವಸ್ತು. ಒಡೆಯುತ್ತಿದ್ದದ್ದು ನನ್ನ ಬೀಗದಿಂದಲ್ಲ, ಮೆಗ್ನೀಷಿಯಂ ಹೋದದ್ದರಿಂದ. ಎಳೆಯಿಲ್ಲದ ಬರೀ ದ್ರಾವಣವನ್ನು ಮೊದಲ ದಿನವೇ ಹಾಕಿ ನೋಡಿದ್ದರೆ ಆರು ವಾರ ಉಳಿಯುತ್ತಿತ್ತು. ಆ ಪುಟಗಳನ್ನು ಇನ್ನೂ ಇಟ್ಟಿದ್ದೇನೆ, ಬೇಕಾದರೆ ತೋರಿಸುತ್ತೇನೆ.

• ಬೆಳಕನ್ನೂ ಅನುಮಾನಿಸು. ತೆರೆದದ್ದು ಗೊತ್ತಾಗಲು ಒಂದು ತುದಿಗೆ ಹೊಳೆಯುವ ಬಣ್ಣ, ಇನ್ನೊಂದಕ್ಕೆ ಅದನ್ನು ಆರಿಸುವ ಕ್ವೆಂಚರ್ ಕಟ್ಟುತ್ತೇವೆ. ಬೇರೆಯಾದರೆ ಹೊಳಪು. ಆದರೆ ಎಲ್ಲರೂ ಬಳಸುವ ಫ್ಲೋರೆಸಿನ್ ಹುಳಿಯಲ್ಲಿ ತಾನೇ ಮಂಕಾಗುತ್ತದೆ. ನಿನ್ನ ಟ್ರಿಗರ್ ಆಮ್ಲವಾದರೆ, ಪೆಟ್ಟಿಗೆ ತೆರೆದರೂ ಹೊಳಪು ಕಡಿಮೆಯಾಗಿ ಕಂಡೀತು. ಕ್ವೆಂಚರ್ ಇಲ್ಲದ ಬಣ್ಣದ ಎಳೆಯೊಂದನ್ನು ಪಕ್ಕದ ಗುಳಿಯಲ್ಲಿ ಯಾವಾಗಲೂ ಇಡು. ಬೆಳಕಿನ ಸಾಕ್ಷಿ ಒಂದೇ ಸಾಲದು, ಅದೇ ಮಾದರಿಯನ್ನು ಜೆಲ್ಲಿನಲ್ಲೂ ಓಡಿಸು.

• ಮರ ಹತ್ತುವ ಮೊದಲು ಕತ್ತಿ ಅದ್ದು. ಕೊಳೆ ಬರದಂತೆ ಬೋರ್ಡೋ ದ್ರಾವಣ ಮಾಡುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ: ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಕೊನೆಗೌಡ ಮರ ಹತ್ತುವ ಮುಂಚೆ ನಿನ್ನ ಅಪ್ಪ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಗಾಯಿ ಸುಟ್ಟೀತು. ಇದು ಅಸಲಿ ಕಂಟ್ರೋಲ್ ಪ್ರಯೋಗ. ನಿನ್ನ ಕತ್ತಿಗಳು ಇವು: ಟ್ರಿಗರ್ ಇಲ್ಲದ್ದು, ತಪ್ಪು ಟ್ರಿಗರ್ ಹಾಕಿದ್ದು, ಅಕ್ಷರ ಕಲಸಿದ ಆಪ್ಟಮರ್ ಇರುವ ಪೆಟ್ಟಿಗೆಗೆ ಸರಿಯಾದ ಟ್ರಿಗರ್ ಹಾಕಿದ್ದು, ಬರೀ ಬಫರ್ ಹಾಕಿದ್ದು. ಈ ನಾಲ್ಕೂ ಮುಚ್ಚಿಯೇ ಇದ್ದರೆ ಮಾತ್ರ ಐದನೆಯದು, ಸರಿಯಾದ ಪೆಟ್ಟಿಗೆಗೆ ಸರಿಯಾದ ಟ್ರಿಗರ್ ಹಾಕಿದ್ದು, ತೆರೆದದ್ದಕ್ಕೆ ಅರ್ಥ. 25 ಡಿಗ್ರಿಯಲ್ಲಿ ಮಾಡಿದ್ದನ್ನು 37ರಲ್ಲೂ ಮಾಡು, ಒಂದು ದಿನ ಇಟ್ಟೂ ನೋಡು.

• ರಜೆಯಲ್ಲಿ ಮನೆಯಲ್ಲೇ ಮಾಡಬಹುದಾದ್ದು ಎರಡಿವೆ. ಮುರುಗಲು ಸಿಪ್ಪೆಯ ನೀರಿಗೆ ಹನಿ ಹನಿಯಾಗಿ ಸಾಬೂನು ನೀರು ಹಾಕಿ, ಕೆಂಪು ಎಲ್ಲಿಯವರೆಗೆ ತಡೆದು ಯಾವ ಹನಿಗೆ ತಿರುಗಿತು ಎಂದು ಎಣಿಸು. ಬಣ್ಣ ಮೆಲ್ಲಗೆ ಜಾರುವುದಕ್ಕೂ ಒಂದೇ ಹನಿಗೆ ತಿರುಗುವುದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬರಲಿ. ಇನ್ನೊಂದು, ಬಾಳೆಹಣ್ಣನ್ನು ಕಿವುಚಿ, ಉಪ್ಪು ಮತ್ತು ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿ ಸೋಸಿ, ಮೇಲೆ ತಣ್ಣಗಿನ ಸ್ಪಿರಿಟ್ಟನ್ನು ಮೆಲ್ಲಗೆ ಬಿಡು. ಬಿಳಿ ಎಳೆ ಎಳೆಯಾಗಿ ಮೇಲೇಳುವುದು ಡಿಎನ್‌ಎ. ಊರಿನ ಶಾಲೆ ಮಕ್ಕಳಿಗೂ ತೋರಿಸು. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಲು ತಡವರಿಸಿದೆಯಾದರೆ ಆ ಜಾಗ ಮತ್ತೆ ಓದಬೇಕು ಎಂದರ್ಥ.

• ಕೈಗವಸು ಹಾಕುವುದು ನಿನ್ನ ರಕ್ಷಣೆಗೆ ಮಾತ್ರ ಎಂದುಕೊಳ್ಳಬೇಡ. ನಮ್ಮ ಚರ್ಮದ ಮೇಲಿರುವ ಕಿಣ್ವಗಳೇ ಎಳೆಗಳನ್ನು ತಿನ್ನುತ್ತವೆ. ಅಕ್ರಿಲಮೈಡ್ ಗಟ್ಟಿಯಾಗುವ ಮೊದಲು ನರಗಳಿಗೆ ವಿಷ. ಎಥಿಡಿಯಂ ಬ್ರೋಮೈಡ್ ನಿನ್ನ ಡಿಎನ್‌ಎಗೂ ಅಂಟುತ್ತದೆ. ಇವೆರಡನ್ನು ಮುಟ್ಟಿದ ಕೈಯಲ್ಲಿ ಬಾಗಿಲ ಹಿಡಿಕೆ ಮುಟ್ಟಬೇಡ.

• ತರಿಸಿದ ಎಳೆಗಳನ್ನು ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರಿನಲ್ಲಿಡು. ಒಂದೇ ಸೀಸೆಯನ್ನು ಇಪ್ಪತ್ತು ಸಲ ಕರಗಿಸಬೇಡ. ಸಾರತೆಯನ್ನು ಸೀಸೆಯ ಚೀಟಿ ನೋಡಿ ನಂಬದೆ 260 ನ್ಯಾನೊಮೀಟರಿನಲ್ಲಿ ನೀನೇ ಅಳೆ. ಹನ್ನೆರಡು ಎಳೆ ಸೇರಬೇಕಾದ ಕಡೆ ಒಂದು ಎಳೆ ಕಾಲು ಪಾಲು ಕಡಿಮೆಯಾದರೂ ಅರೆಬರೆ ಪೆಟ್ಟಿಗೆಗಳು ಹುಟ್ಟುತ್ತವೆ, ಅವು ಯಾವ ಟ್ರಿಗರೂ ಇಲ್ಲದೆ ಸೋರುತ್ತವೆ. 95 ಡಿಗ್ರಿಗೆ ಕಾಯಿಸಿ ತಣಿಸುವಾಗ ಅವಸರ ಬೇಡ. ಎಳೆಯ ಅಕ್ಷರಗಳನ್ನು 5 ಪ್ರೈಮಿನಿಂದ 3 ಪ್ರೈಮಿಗೆ ಬರೆಯುವ ಪದ್ಧತಿ. ತಿರುವುಮುರುವು ಬರೆದು ತರಿಸಿದರೆ ಆ ಎಳೆ ಯಾವುದಕ್ಕೂ ಅಂಟುವುದಿಲ್ಲ. ಆರ್ಡರ್ ಕಳಿಸುವ ಮೊದಲು ಇನ್ನೊಬ್ಬರಿಂದ ಓದಿಸು.

• ಒಡೆಯಿತು ಎಂದರೆ ಇಲ್ಲವಾಯಿತು ಎಂದಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಡಿಎನ್‌ಎ ತುಂಡಾಗಿ ಕೊನೆಗೆ ಸಕ್ಕರೆ, ಫಾಸ್ಫೇಟ್, ಬೇಸ್ ಆಗುತ್ತದೆ, ಜೀವಿಗಳು ಅದನ್ನು ಮತ್ತೆ ಬಳಸುತ್ತವೆ. ಆದರೆ ಜತೆಗೆ ಕಟ್ಟಿದ ಚಿನ್ನದ ಕಣ, ಬಣ್ಣ, ಪಾಲಿಅಕ್ರಿಲಮೈಡ್ ಎಲ್ಲಿಗೆ ಹೋಗುತ್ತವೆ? ನಿನ್ನ ರಚನೆಯ ಚಿತ್ರದ ಪಕ್ಕದಲ್ಲಿ ಒಡೆದ ನಂತರ ಉಳಿಯುವ ತುಂಡುಗಳ ಚಿತ್ರವನ್ನೂ ಬರೆ, ಒಂದೊಂದರ ಮುಂದೆ ಅದು ಎಲ್ಲಿ ಸೇರುತ್ತದೆ ಎಂದು ಬರೆ. ಶಾಲ್ಮಲೆ, ಅಘನಾಶಿನಿ, ಬೇಡ್ತಿಯ ನೀರು ಕುಡಿದು ಬೆಳೆದವಳು ನೀನು. ಸಿಂಕಿನಲ್ಲಿ ಚೆಲ್ಲಿದ್ದು ಯಾರದ್ದೋ ಹೊಳೆ ಸೇರುತ್ತದೆ ಎಂಬುದನ್ನು ಬೇರೆಯವರು ನಿನಗೆ ಕಲಿಸಬೇಕಾಗಿ ಬರಬಾರದು.

• ಊರಿಗೆ ಬಂದಾಗ "ಇದರಿಂದ ಕೊಳೆರೋಗಕ್ಕೆ ಔಷಧ ಆಗ್ತದಾ?" ಎಂದು ಕೇಳಿಯೇ ಕೇಳುತ್ತಾರೆ. ಆಗುತ್ತದೆ ಎಂದು ಬಾಯಿಗೆ ಬಂದದ್ದು ಹೇಳಬೇಡ. ನಿನ್ನ ಕೈಯಲ್ಲಿರುವ ಸೀಸೆಯಲ್ಲಿ ಮಿಲಿಗ್ರಾಮಿಗೂ ಕಡಿಮೆ ಡಿಎನ್‌ಎ ಇರುತ್ತದೆ, ಅವರ ತೋಟಕ್ಕೆ ಬೇಕಾದದ್ದು ಬ್ಯಾರಲ್ ಲೆಕ್ಕ. ಜೂನ್‌ನಿಂದ ಸುರಿಯುವ ಮಳೆಯಲ್ಲಿ, ಕಿಣ್ವ ತುಂಬಿದ ಮಣ್ಣು ಮತ್ತು ಎಲೆಯ ಮೇಲೆ ಬೆತ್ತಲೆ ಡಿಎನ್‌ಎ ಎಷ್ಟು ದಿನ ನಿಂತೀತು? ರೋಗವನ್ನು ಬೇಗ ಪತ್ತೆ ಮಾಡುವ ಪಟ್ಟಿ, ನೀರಿನಲ್ಲಿರುವ ಸೀಸ ಗುರುತಿಸುವ ಸಾಧನ, ಔಷಧವನ್ನು ಬೇಕಾದ ಕೋಶದಲ್ಲಷ್ಟೇ ಬಿಡುವ ಪೆಟ್ಟಿಗೆ, ಇವು ನಿನ್ನ ಕೆಲಸಕ್ಕೆ ಹತ್ತಿರದವು. ಅಷ್ಟನ್ನೇ ಹೇಳು. ಬೆಳೆ ಕಳೆದುಕೊಂಡವನ ಮುಂದೆ ಆಸೆ ಹುಟ್ಟಿಸಿ ಹೋಗುವುದು ಪಾಪ.

• ಕೆಲಸವನ್ನು ಕನ್ನಡದಲ್ಲೂ ಬರೆದಿಡು. ದಿನಕ್ಕೆ ನಾಲ್ಕು ಸಾಲು ಸಾಕು. ಪ್ರಯೋಗ ಯಾಕೆ ಮಾಡಿದೆ ಎಂಬುದನ್ನು ಅಮ್ಮನಿಗೆ ಹೇಳುವ ಮಾತಿನಲ್ಲಿ ಬರೆಯಲಾಗದಿದ್ದರೆ ಬಹುಶಃ ನಿನಗೇ ಅದು ಸ್ಪಷ್ಟವಿಲ್ಲ. ನನಗೆ ಅನೇಕ ಸಲ ಹಾಗಾಗಿದೆ.

• ಗೈಡ್ ಹೇಳಿದ್ದು ತಪ್ಪು ಅನ್ನಿಸಿದರೆ ಗೌರವದಿಂದ, ಆದರೆ ಅಂಕಿ ಇಟ್ಟು ಹೇಳು. ಸಂಜೆ ಮೀಟಿಂಗಿನಲ್ಲಿ ಬಾಯಿ ಮುಚ್ಚಿ ಕೂತು ರಾತ್ರಿ ಹಾಸ್ಟೆಲಿನಲ್ಲಿ ಅಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ರಾತ್ರಿ ಹನ್ನೆರಡರ ಮೇಲೆ ಮಾಡಿದ ಪಿಪೆಟ್ ಕೆಲಸವನ್ನು ಬೆಳಗ್ಗೆ ಮತ್ತೆ ಮಾಡಬೇಕಾಗುತ್ತದೆ.

ದೊಡ್ಡಹಬ್ಬಕ್ಕೆ ಬರುವಾಗ ನೋಟ್‌ಬುಕ್ ತಾ. ಒಡೆದ ಪೆಟ್ಟಿಗೆಗಳ ಗ್ರಾಫ್ ಆಮೇಲೆ ನೋಡೋಣ, ತೆರೆಯದೆ ಉಳಿದವುಗಳ ಪುಟವನ್ನು ನಾನು ಮೊದಲು ಕೇಳುತ್ತೇನೆ.